ಡಬ್ಬಿ ತೊಳೆಯದ ಹುಡುಗಿ

ಸ್ಕೂಲಿನಿಂದ ಫೋನು ಬಂದಾಗ ರೋಲರಕ್ಕನ ಕೈಯಲ್ಲಿ ಆಸ್ಪತ್ರೆಯ ಒದ್ದೆ ಬೆಡ್‌ಶೀಟು ಇತ್ತು. ಅರ್ಧ ಇಸ್ತ್ರಿಯ ಬಿಸಿ ರೋಲರಿನ ಒಳಗೆ, ಅರ್ಧ ಹೊರಗೆ. ಆಗ ಕೈ ಬಿಡುವ ಹಾಗಿಲ್ಲ. ಬಿಟ್ಟರೆ ಬಟ್ಟೆ ಮುದುರಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಷಿನ್ನು ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ಶುರುವಾಗುತ್ತದೆ.

ಆ ಲಾಂಡ್ರಿಯಲ್ಲಿ ಯಾವ ಮಷಿನ್ನಿನ ಮುಂದೆ ನಿಂತರೆ ಅದೇ ಹೆಸರು. ಸೋಪು ಹಾಕುವವಳು ಸೋಪಕ್ಕ. ಇವಳು ರೋಲರಕ್ಕ. ಆಸ್ಪತ್ರೆಯ ಶೀಟುಗಳು ಬೆಳಿಗ್ಗೆ ಗಾಡಿ ತುಂಬ ಬಂದು ಬೀಳುತ್ತವೆ. ರಕ್ತ, ವಾಂತಿ, ಔಷಧಿಯ ಕಲೆ, ಎಲ್ಲವೂ ಇರುತ್ತವೆ. ಸೋಪಕ್ಕ ಒಗೆದು ತೆಗೆದದ್ದನ್ನು ರೋಲರಕ್ಕ ಎರಡು ಮೂಲೆ ಹಿಡಿದು ಕೊಡವಿ ರೋಲರಿಗೆ ಉಣಿಸಬೇಕು. ದಿನವಿಡೀ ನಿಂತೇ. ಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿ ಈಗ ಅಲ್ಲಿ ಬಿಸಿ ಗೊತ್ತಾಗುವುದಿಲ್ಲ. ಉಗುರಿನ ಬುಡ ಮಾತ್ರ ಇನ್ನೂ ಉರಿಯುತ್ತದೆ.

"ಏ ರೋಲರಕ್ಕ, ನಿನ್ ಮಗಳ ಸ್ಕೂಲಿಂದ ಫೋನು. ಈಗ್ಲೇ ಬರ್ಬೇಕಂತೆ" ಎಂದು ಮೇಸ್ತ್ರಿ ಬಾಗಿಲಿನಿಂದಲೇ ಕೂಗಿದ.

"ಏನಾಯ್ತಂತೆ? ಬಿದ್ಳಾ?"

"ಬಿದ್ದಿಲ್ಲ. ಟೀಚರಿಗೆ ಎದುರು ಮಾತಾಡಿದ್ಳಂತೆ."

ರೋಲರಕ್ಕ ಸೋಪಕ್ಕನ ಮುಖ ನೋಡಿದಳು. ಸೋಪಕ್ಕ ನೊರೆಗೈಯಲ್ಲೇ ಹಣೆ ಒರೆಸಿಕೊಂಡು ನಕ್ಕಳು. "ಕೊನೆಗೂ ಮಾಡಿದ್ಳು ನೋಡೇ ನಮ್ ಕುಳ್ಳಿ!"

ಮಗಳು ಟೀಚರಿಗೆ ಎದುರು ಮಾತಾಡಿದಳೆಂದರೆ ತಾಯಿಯಾದವಳು ತಲೆ ತಗ್ಗಿಸಬೇಕು. ರೋಲರಕ್ಕನ ಎದೆ ಮಾತ್ರ ಉಬ್ಬಿತು. ಶೀಟು ಪೂರ್ತಿ ಒಳಗೆ ಹೋಗುವವರೆಗೆ ಕಾದು, ಏಪ್ರನ್ ಕೂಡ ಬಿಚ್ಚದೆ ಹೊರಟಳು. ಅರ್ಧ ದಿನದ ಕೂಲಿ ಹೋಯಿತು ಎಂದು ಮೇಸ್ತ್ರಿ ಹಿಂದಿನಿಂದ ಹೇಳಿದ. ಅದು ಗೊತ್ತಿದ್ದದ್ದೇ.

ಅವಳು ಖುಷಿಪಟ್ಟದ್ದಕ್ಕೆ ಕಾರಣವಿತ್ತು.

ರೋಲರಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡವಳು ಕುಳ್ಳಿ, ನಾಲ್ಕನೇ ಕ್ಲಾಸು. ಚಿಕ್ಕವನು ಪುಂಡ, ಎರಡನೇ ಕ್ಲಾಸು. ಹೆಸರಿಗೆ ತಕ್ಕ ಪುಂಡ. ಓದು ಎಂದರೆ ಪುಸ್ತಕ ಎಸೆಯುತ್ತಿದ್ದ. ಇನ್ನೊಮ್ಮೆ ಓದು ಎಂದರೆ ಬೆಂಚು ಒದೆಯುತ್ತಿದ್ದ. ಒಂದು ದಿನ ಡಸ್ಟರ್ ಬೀಸಿ ಕಿಟಕಿಯ ಗಾಜು ಪುಡಿ ಮಾಡಿದ. ಆಗ ಸ್ಕೂಲಿನವರು ಏನು ಮಾಡಿದರು? ಅವನ ಅಪ್ಪನನ್ನು ಮರ್ಯಾದೆಯಿಂದ ಕರೆಸಿದರು. ಕುರ್ಚಿ ಕೊಟ್ಟರು. ಹೆಡ್ ಮೇಡಂ ಮೆತ್ತಗೆ ವಿವರಿಸಿದರು. ಹುಡುಗ ದಡ್ಡನಲ್ಲ, ಓದುವುದರಲ್ಲಿ ಒಂದು ತೊಡಕಿದೆ, ಡಿಸ್ಲೆಕ್ಸಿಯಾ ಅಂತಾರೆ, ಪಾಪ, ಅದಕ್ಕೇ ಸಿಟ್ಟು ಬರುತ್ತೆ ಎಂದರು. ಅದೇ ವಾರ ಅವನನ್ನು ಓದಿನ ಟೀಚರ ಕ್ಲಾಸಿಗೆ ಹಾಕಿದರು. ದಿನಾ ಬೆಳಿಗ್ಗೆ ಮೊದಲ ಪೀರಿಯಡ್, ಹಿಂದಿನ ಕೋಣೆಯಲ್ಲಿ, ರಟ್ಟಿನ ಅಕ್ಷರಗಳನ್ನು ಕೈಯಲ್ಲಿ ಮುಟ್ಟಿಸಿ ಕಲಿಸುವ ಕ್ಲಾಸು. ಆರು ಕುರ್ಚಿ. ಆರರಲ್ಲೂ ಗಂಡು ಹುಡುಗರು.

ಗಾಜಿನ ವಿಷಯ ಮಾತಾಡಲು ಅಪ್ಪ ಬೇಕಾಗಿತ್ತು. ಮನೆಯಲ್ಲಿ ಕೂತು ಅಭ್ಯಾಸ ಮಾಡಿಸಲು ಅಮ್ಮ. ಓದಿನ ಟೀಚರು ರೋಲರಕ್ಕನನ್ನು ಕರೆಸಿ ಹೇಳಿಕೊಟ್ಟರು. ಒಳ್ಳೆಯ ಹೆಂಗಸು, ಆದರೆ ಹೆದರುಪುಕ್ಕಲು. "ಕಣ್ಣಿನ ದೋಷ ಅಲ್ಲಮ್ಮ. ಅಕ್ಷರಕ್ಕೂ ಅದರ ಶಬ್ದಕ್ಕೂ ಗಂಟು ಬೀಳಲ್ಲ, ಅಷ್ಟೇ. ಕೆಲವು ಮಕ್ಕಳು ಗಲಾಟೆ ಮಾಡ್ತಾರೆ. ಕೆಲವು ಮಕ್ಕಳು ಮುಚ್ಚಿಡ್ತಾರೆ. ಕೇಳಿದ್ದನ್ನೆಲ್ಲ ಬಾಯಿಪಾಠ ಮಾಡಿ ಓದಿದ ಹಾಗೆ ತೋರಿಸ್ತಾರೆ. ಓದೋ ಹೊತ್ತಿಗೆ ಹೊಟ್ಟೆನೋವು ಅಂತಾರೆ, ಏನಾದ್ರೂ ಕೆಲಸ ಹುಡುಕ್ಕೊಂಡು ಎದ್ದು ಹೋಗ್ತಾರೆ."

ಟೀಚರು ಪುಂಡನ ಬಗ್ಗೆ ಹೇಳುತ್ತಿದ್ದರು. ರೋಲರಕ್ಕನ ಕಣ್ಣ ಮುಂದೆ ಕುಳ್ಳಿ ನಿಂತಿದ್ದಳು.

ಕುಳ್ಳಿ ಸ್ಕೂಲಿನಲ್ಲಿ ಚಿನ್ನ ಎನಿಸಿಕೊಂಡವಳು. ತಲೆ ಎತ್ತುವುದಿಲ್ಲ, ದನಿ ಎತ್ತುವುದಿಲ್ಲ. ಎರಡನೇ ಕ್ಲಾಸಿನಲ್ಲಿದ್ದಾಗ ಮಧ್ಯಾಹ್ನದ ಓದಿನ ಹೊತ್ತಿಗೆ ಸರಿಯಾಗಿ ಎದ್ದು ನಿಂತು "ಟೀಚರ್, ನಿಮ್ ಊಟದ ಡಬ್ಬಿ ತೊಳ್ಕೊಂಡ್ ಬರ್ಲಾ?" ಎಂದು ಕೇಳಿದ್ದಳು. ಟೀಚರಿಗೆ ಖುಷಿಯಾಯಿತು. ಅಂದಿನಿಂದ ಅದೇ ಪದ್ಧತಿ. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಓದುವಾಗ ಕುಳ್ಳಿ ನಲ್ಲಿಯ ಹತ್ತಿರ ಕೂತು ಡಬ್ಬಿ ಉಜ್ಜುತ್ತಾಳೆ. ಮೊದಲು ಒಂದು ಡಬ್ಬಿ. ಆಮೇಲೆ ಬೇರೆ ಟೀಚರುಗಳೂ ತಮ್ಮವನ್ನು ಕೊಟ್ಟರು. ಕ್ಲಾಸಿಗೆ ಬರುವಷ್ಟರಲ್ಲಿ ಓದು ಮುಗಿದಿರುತ್ತದೆ. ಎರಡು ವರ್ಷದಿಂದ ಅವಳನ್ನು ಯಾರೂ ಎದ್ದು ಓದು ಎಂದಿಲ್ಲ.

ಇದನ್ನು ರೋಲರಕ್ಕ ಲಾಂಡ್ರಿಯಲ್ಲಿ ಕೊಚ್ಚಿಕೊಂಡಿದ್ದಳು. ನನ್ ಮಗಳಿಲ್ದೆ ಆ ಟೀಚರಿಗೆ ಕೈಕಾಲೇ ಆಡಲ್ಲ ಎಂದಿದ್ದಳು. ಎಲ್ಲರ ಕೆಲಸಕ್ಕೂ ಒದಗಿದರೆ ಯಾರೂ ಬೈಯುವುದಿಲ್ಲ, ಇದು ಅವಳು ರೋಲರಿನ ಮುಂದೆ ಕಲಿತ ಬುದ್ಧಿ. ಅದನ್ನೇ ಮಗಳಿಗೂ ಉಣಿಸಿದ್ದಳು. ಸಂಜೆ ಮನೆಗೆ ಬಂದು ಪಾಠವನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮಗಳು ಬಟ್ಟೆ ಮಡಿಸುತ್ತ ಕೇಳುತ್ತಿದ್ದಳು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟು ಗಳಗಳ ಒಪ್ಪಿಸುತ್ತಿದ್ದಳು. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಅದನ್ನು ನೋಡಿಯೂ ಮಗುವಿಗೆ ನಿದ್ದೆ ಬಂದಿದೆ ಎಂದುಕೊಂಡಿದ್ದಳು ತಾಯಿ.

ರೋಲರಕ್ಕ ಕುಳ್ಳಿಯ ಕ್ಲಾಸ್ ಟೀಚರ ಹತ್ತಿರ ಹೋಗಿ ಮಗಳನ್ನೂ ಓದಿನ ಕ್ಲಾಸಿಗೆ ಹಾಕಿ ಎಂದು ಬೇಡಿಕೊಂಡಳು. ಐದನೇ ಕ್ಲಾಸಿಗೆ ಬೇರೆ ಸ್ಕೂಲು. ಅಲ್ಲಿ ಓದಿನ ಟೀಚರೂ ಇಲ್ಲ, ರಟ್ಟಿನ ಅಕ್ಷರವೂ ಇಲ್ಲ. ಈ ವರ್ಷ ಕಲಿಯದಿದ್ದರೆ ಮಗಳು ಮುಂದೆಂದೂ ಕಲಿಯುವುದಿಲ್ಲ.

"ಆ ಕ್ಲಾಸು ತೊಂದ್ರೆ ಕೊಡೋ ಮಕ್ಕಳಿಗೆ ಕಣಮ್ಮ. ನಿನ್ ಮಗಳಿಂದ ಯಾರಿಗೇನು ತೊಂದ್ರೆ?" ಎಂದರು ಕ್ಲಾಸ್ ಟೀಚರು.

"ಅವಳಿಗೇ ತೊಂದ್ರೆ ಇದೆ ಟೀಚರ್."

"ಹೆಣ್ಮಗು. ಹೇಗೋ ನಡ್ಕೊಂಡ್ ಹೋಗುತ್ತೆ ಬಿಡು. ಆ ಹುಡುಗ್ರು ನಾಳೆ ಸಂಸಾರ ಸಾಕಬೇಕಲ್ವಾ?"

ಸಂಸಾರ ಸಾಕುವುದಂತೆ. ರೋಲರಕ್ಕ ತನ್ನ ಸುಟ್ಟ ಬೆರಳುಗಳನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡು ವಾಪಸು ಬಂದಳು. ಓದಿನ ಟೀಚರನ್ನು ಕೇಳಿದಳು. ಕ್ಲಾಸ್ ಟೀಚರು ಕಳಿಸದೆ ನಾನು ಸೇರಿಸಿಕೊಳ್ಳುವ ಹಾಗಿಲ್ಲ ಎಂದು ಅವರು ನೆಲ ನೋಡಿದರು.

ಗಂಡನಿಗೆ ಹೇಳಿದಳು. ಅವನು ಅಂಗಡಿಯೊಂದರ ಗೂಡ್ಸ್ ಗಾಡಿ ಓಡಿಸುತ್ತಾನೆ. ಫ್ರಿಜ್ಜು, ಮಂಚ, ಬೀರು ಮನೆಮನೆಗೆ ಮುಟ್ಟಿಸುವ ಕೆಲಸ.

"ಒಂದು ಮನೇಲಿ ಎರಡೆರಡಾ? ಅವನಿಗಾದ್ರೆ ಸರಿ. ಹುಡುಗಿಗೆ ಆ ಹೆಸರು ಅಂಟಿದ್ರೆ ನಾಳೆ ಅವಳನ್ನ ಯಾರು ಮದುವೆ ಆಗ್ತಾರೆ?" ಎಂದ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ನಮ್ ಕಡೆ ಇಂಥದ್ದೆಲ್ಲ ಇಲ್ಲ. ನಿನ್ ಕಡೆಯಿಂದ ಬಂದಿದ್ದು ಇದು."

ರೋಲರಕ್ಕನಿಗೆ ನಗು ಬಂತು, ಮೈಯೂ ಉರಿಯಿತು. ಯಾಕೆಂದರೆ ಆ ಮನೆಯಲ್ಲಿ ಅಕ್ಷರ ಗೊತ್ತಿದ್ದವಳು ಅವಳೊಬ್ಬಳೇ. ದಿನಾ ಬೆಳಿಗ್ಗೆ, ಮಕ್ಕಳು ಏಳುವ ಮುಂಚೆ, ಗಂಡ ಅಂಗಡಿಯಿಂದ ತಂದ ವಿಳಾಸದ ಚೀಟಿಗಳನ್ನು ಅಡುಗೆಮನೆಗೆ ತರುತ್ತಿದ್ದ. ಅವಳು ಒಂದೊಂದಾಗಿ ಓದಬೇಕು. ಅವನು ಕಣ್ಣು ಮುಚ್ಚಿ ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಒಂದೂ ತಪ್ಪುವುದಿಲ್ಲ. ಮದುವೆಯಾದಾಗಿನಿಂದ ಇದು ನಡೆದಿದೆ. ಅಂಗಡಿಯವರಿಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಗಂಡಸಿನ ಮರ್ಯಾದೆ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಅವತ್ತೂ ಬಿಡಲಿಲ್ಲ.

ದಾರಿ ತೋರಿಸಿದವಳು ಸೋಪಕ್ಕ. "ನಿನ್ ಮಗ ಆ ಕ್ಲಾಸಿಗೆ ಹೇಗೆ ಹೋದ? ಗಾಜು ಒಡೆದ, ಹೋದ. ಮಗಳಿಗೂ ಅದನ್ನೇ ಹೇಳ್ಕೊಡು. ಒಳ್ಳೇವಳಾಗಿದ್ರೆ ಯಾವ ನಾಯಿ ಕೇಳುತ್ತೆ?"

ಹೀಗೆ ರೋಲರಕ್ಕ ಮಗಳಿಗೆ ತಂಟೆ ಕಲಿಸಲು ಕೂತಳು. ಒಂಬತ್ತು ವರ್ಷ ಕಲಿಸಿದ್ದನ್ನು ಒಂದು ಸಂಜೆಯಲ್ಲಿ ಬಿಡಿಸಬೇಕು. ಪುಂಡನೇ ಮೇಷ್ಟ್ರು.

"ಮೊದ್ಲು ಬೆಂಚು ಒದಿ ಅಕ್ಕ. ಇಲ್ಲಿ ಬೆಂಚಿಲ್ಲ, ಬಕೆಟ್ ಒದಿ."

ಕುಳ್ಳಿ ಬಕೆಟ್ಟಿಗೆ ಕಾಲು ತಾಗಿಸಿದಳು. ಅದು ಅಲುಗಲೂ ಇಲ್ಲ.

"ಜೋರಾಗಿ ಒದಿಯೇ!" ಎಂದಳು ತಾಯಿ.

ಕುಳ್ಳಿ ಕಣ್ಣು ಮುಚ್ಚಿ ಒದ್ದಳು. ಬಕೆಟ್ಟು ಉರುಳಿತು, ನೀರು ಚೆಲ್ಲಿತು. ಪುಂಡ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಕುಳ್ಳಿ ಓಡಿಹೋಗಿ ಬಟ್ಟೆ ತಂದು ನೆಲ ಒರೆಸಲು ಕೂತಿದ್ದಳು. ತಾಯಿ ಬಟ್ಟೆ ಕಿತ್ತುಕೊಂಡಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಒರೆಸಬಾರ್ದು ಕಣೇ. ಚೆಲ್ಲಿ ಸುಮ್ನೆ ನಿಂತ್ಕೋಬೇಕು."

"ಯಾರಾದ್ರೂ ಜಾರಿ ಬಿದ್ರೆ?"

"ಬೀಳ್ಲಿ!"

"ಅಮ್ಮ, ನಂಗೆ ಓದೋಕೆ ಬರಲ್ಲ ಅಂತ ನೀನು ಎಲ್ಲರಿಗೂ ಹೇಳಿದ್ಯಾ?"

ಮಗುವಿಗೆ ಅಷ್ಟು ದಿನವೂ ಗೊತ್ತಿತ್ತು. ಒಂದನೇ ಕ್ಲಾಸಿನಿಂದ ಅದೊಂದನ್ನು ಒಬ್ಬಳೇ ಹೊತ್ತುಕೊಂಡು, ಯಾರಿಗೂ ತಿಳಿಯದ ಹಾಗೆ ಡಬ್ಬಿಯ ಮೇಲೆ ಡಬ್ಬಿ ತೊಳೆದಿದ್ದಳು. ರೋಲರಕ್ಕ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು. ಅವತ್ತು ಅಡುಗೆಯಾಗಲಿಲ್ಲ.

ಇದೆಲ್ಲ ನಡೆದು ಕೆಲವು ದಿನವಾಗಿತ್ತು. ಈಗ ಫೋನು ಬಂದಿತ್ತು. ಗಾಜು ಒಡೆದಿರಬಹುದೇ? ಮೇಜು ಬೀಳಿಸಿರಬಹುದೇ? ರೋಲರಕ್ಕ ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ಸ್ಕೂಲು ಮುಟ್ಟಿದಳು.

ಕುಳ್ಳಿ ಹೆಡ್ ಮೇಡಂ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೇಜಿನ ಮೇಲೆ ಒಂದು ಊಟದ ಡಬ್ಬಿ ಇತ್ತು, ಎಂಜಲು ಒಣಗಿತ್ತು. ಪಕ್ಕದಲ್ಲಿ ಕ್ಲಾಸ್ ಟೀಚರು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ರೋಲರಕ್ಕನಿಗೆ ಯಾರೂ ಕುರ್ಚಿ ತೋರಿಸಲಿಲ್ಲ.

"ಏನಮ್ಮ ಕಲ್ಸಿದ್ದೀಯ ಮಗಳಿಗೆ? ಡಬ್ಬಿ ತೊಳೆಯಲ್ಲ, ಇಲ್ಲೇ ಕೂತ್ಕೋತೀನಿ ಅಂದ್ಳಂತೆ. ಇಡೀ ಕ್ಲಾಸಿನ ಮುಂದೆ" ಎಂದರು ಹೆಡ್ ಮೇಡಂ.

ರೋಲರಕ್ಕ ಕಾದಳು. "ಆಮೇಲೆ?"

"ಆಮೇಲೆ ಏನು? ಇನ್ನೇನಾಗ್ಬೇಕಿತ್ತು?"

ಅಷ್ಟೇ. ಕುಳ್ಳಿ ಒದ್ದಿರಲಿಲ್ಲ, ಎಸೆದಿರಲಿಲ್ಲ. ತೊಳೆಯಲ್ಲ ಎಂದಿದ್ದಳು. ಗಾಜಿಗೆ ಪಾಪ ಎಂದ ಸ್ಕೂಲು ಡಬ್ಬಿಗೆ ಹೆತ್ತವಳನ್ನು ಓಡೋಡಿ ಬರುವ ಹಾಗೆ ಮಾಡಿತ್ತು. ಪುಂಡ ಒಡೆದರೆ ತೊಡಕು. ಕುಳ್ಳಿ ಒಲ್ಲೆ ಎಂದರೆ ಸಂಸ್ಕಾರ ಇಲ್ಲ.

"ಮೇಡಂ, ಅವಳಿಗೆ ಓದೋಕೆ ಬರಲ್ಲ. ಅವಳ ತಮ್ಮನಿಗಿರೋದೇ ಇವಳಿಗೂ ಇದೆ. ಇವಳನ್ನೂ ಆ ಕ್ಲಾಸಿಗೆ ಹಾಕಿ ಅಂತ ಕೇಳ್ಕೊಂಡೆ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ."

"ಬರಲ್ವಾ?" ಹೆಡ್ ಮೇಡಂ ನಾಲ್ಕನೇ ಕ್ಲಾಸಿನ ಪುಸ್ತಕ ತೆಗೆದು ಕುಳ್ಳಿಯ ಕೈಗಿಟ್ಟರು. "ಮೊದಲನೇ ಪಾಠ. ಓದು."

ಕುಳ್ಳಿ ಪುಸ್ತಕ ತೆರೆದಳು. ಚಿತ್ರ ನೋಡಿದಳು. ಓದಿದಳು. ಒಂದಕ್ಷರ ತಪ್ಪಲಿಲ್ಲ. ಸರಿಯಾದ ಜಾಗದಲ್ಲಿ ಹಾಳೆಯನ್ನೂ ತಿರುಗಿಸಿದಳು. ರೋಲರಕ್ಕನಿಗೆ ತನ್ನದೇ ದನಿ ಕೇಳಿಸಿತು. ದಣಿದು ಬಂದ ಸಂಜೆಗಳಲ್ಲಿ ತಾನು ಎಲ್ಲಿ ಆಕಳಿಸಿ ಎಳೆದು ಓದಿದ್ದಳೋ ಅಲ್ಲೇ ಮಗಳೂ ಎಳೆದಳು.

"ನೋಡಿದ್ರಾ ಮೇಡಂ?" ಎಂದರು ಕ್ಲಾಸ್ ಟೀಚರು. "ಸುಳ್ಳು ಹೇಳೋದನ್ನೂ ಕಲ್ಸಿದ್ದಾಳೆ."

"ಅದು ಬಾಯಿಪಾಠ ಮೇಡಂ! ಅದನ್ನ ಓದಿ ಹೇಳಿದ್ದೇ ನಾನು. ಬೇರೆ ಏನಾದ್ರೂ ಓದ್ಸಿ. ಅಕೋ, ಗೋಡೆ ಮೇಲಿರೋ ಬೋರ್ಡು ಓದ್ಸಿ."

ಹೆಡ್ ಮೇಡಂ ಬೋರ್ಡಿನ ಕಡೆ ಬೆರಳು ತೋರಿಸಿದರು. ಕುಳ್ಳಿ ನೋಡಿದಳು. ಕುತ್ತಿಗೆಯ ನರ ಎದ್ದು ಕಂಡಿತು. ಅಮ್ಮನ ಕಡೆ ತಿರುಗಿದಳು, ಟೀಚರ ಕಡೆ ತಿರುಗಿದಳು. ಆಮೇಲೆ ಕಿಟಕಿಯಲ್ಲಿದ್ದ ಗಿಡದ ಕುಂಡ ಅವಳ ಕಣ್ಣಿಗೆ ಬಿತ್ತು.

"ಮೇಡಂ, ಗಿಡಕ್ಕೆ ನೀರು ಹಾಕ್ಲಾ?"

"ಎಷ್ಟು ಚೆನ್ನಾಗಿ ಮಾತು ಮರೆಸ್ತಾಳೆ ನೋಡಿ. ಇದು ಹಠ. ಬೇರೇನಲ್ಲ." ಹೆಡ್ ಮೇಡಂ ಪುಸ್ತಕ ಮುಚ್ಚಿದರು. "ಟೀಚರ ಕಾಲು ಹಿಡಿದು ಕ್ಷಮೆ ಕೇಳ್ಸು. ಆ ಡಬ್ಬಿ ತೊಳೆದು ಕೊಡ್ಲಿ. ಇಲ್ಲಿಗೆ ಮುಗಿಸ್ತೀವಿ."

ಕುಳ್ಳಿ ಡಬ್ಬಿಯ ಕಡೆ ಕೈ ಚಾಚಿಯೇಬಿಟ್ಟಳು. ರೋಲರಕ್ಕ ಆ ಕೈ ಹಿಡಿದಳು.

"ತೊಳೆಯಲ್ಲ ಅಂದಿದ್ದಾಳಲ್ಲ ಮೇಡಂ. ತೊಳೆಯಲ್ಲ."

"ಹಾಗಾದ್ರೆ ನಾಳೆ ಇವಳಪ್ಪನ್ನ ಕಳ್ಸು. ಅವರಿಗಾದ್ರೂ ಹೇಳಿದ್ರೆ ಅರ್ಥ ಆಗುತ್ತೆ. ಅವರು ಬಂದು ಕ್ಷಮೆ ಕೇಳೋ ತನಕ ಕ್ಲಾಸಿಗೆ ಬರೋದು ಬೇಡ."

ಒದ್ದೆ ಏಪ್ರನ್ನಿನಲ್ಲಿ ನಿಂತವಳು ನೀನು. ಇಲ್ಲಿಗೆ ಬಾರದವನು ಅವರು. ರೋಲರಕ್ಕ ಅದನ್ನೂ ನುಂಗಿದಳು.

ಸಂಜೆ ಗಂಡ ಕೂಗಾಡಿದ. ಹೆಣ್ಣು ಮಕ್ಕಳನ್ನು ಬೆಳೆಸುವ ರೀತಿ ಇದೇನಾ ಎಂದ. ಅವನು ಸ್ಕೂಲಿಗೆ ಹೋಗಲು ಸಿದ್ಧನಿದ್ದ. ಹೋಗಿ ಕೈ ಮುಗಿದು ಕ್ಷಮೆ ಕೇಳುತ್ತಾನಂತೆ, ನಾಳೆಯಿಂದ ಕುಳ್ಳಿ ಎಂದಿನ ಹಾಗೆ ಡಬ್ಬಿ ತೊಳೆಯುತ್ತಾಳಂತೆ. ರೋಲರಕ್ಕ ಮಾತಾಡಲಿಲ್ಲ. ಮಾತಾಡಿದರೆ ಜಗಳ, ಜಗಳವಾದರೆ ಏಟು, ಏಟು ಬಿದ್ದರೆ ಬೆಳಿಗ್ಗೆ ರೋಲರಿನ ಮುಂದೆ ಕೈ ಎತ್ತಲಾಗುವುದಿಲ್ಲ.

ಬೆಳಿಗ್ಗೆ ಅವನು ಚೀಟಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಹೂಂ, ಓದು."

ರೋಲರಕ್ಕ ಕೈ ಒರೆಸಿಕೊಂಡಳು. ಚೀಟಿ ಎತ್ತಿಕೊಳ್ಳಲಿಲ್ಲ.

"ಓದಲ್ಲ."

ಅವನು ಕಣ್ಣು ಬಿಟ್ಟ. "ಏನಂದೆ?"

"ಓದಲ್ಲ ರೀ. ಇವತ್ತಿಂದ ಓದಲ್ಲ. ಸ್ಕೂಲಿಗೆ ಬನ್ನಿ. ಕ್ಷಮೆ ಕೇಳೋಕಲ್ಲ. ನಂಗೂ ಹೀಗೇ ಇತ್ತು, ನನ್ ಮಗಳಿಗೂ ಹಾಗೇ ಇದೆ, ಅವಳಿಗೆ ಕಲ್ಸಿ ಅಂತ ಒಂದು ಮಾತು ಹೇಳಿ. ನಾನು ಹೇಳಿದ್ರೆ ಅವರಿಗೆ ಸುಳ್ಳು. ನೀವು ಹೇಳಿದ್ರೆ ಕೇಳ್ತಾರೆ."

"ಮೆತ್ತಗೆ ಮಾತಾಡು. ಮಕ್ಕಳು ಏಳ್ತಾರೆ."

"ಏಳ್ಲಿ. ನನ್ ಕಡೆಯಿಂದ ಬಂತು ಅಂದ್ರಲ್ಲ? ಯಾರ ಕಡೆಯಿಂದ ಬಂತು ಅಂತ ಅವರಿಗೂ ಗೊತ್ತಾಗ್ಲಿ."

ಅವನ ಕೈ ಮೇಲೆದ್ದಿತು. ರೋಲರಕ್ಕ ಹಿಂದೆ ಸರಿಯಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

"ಹೊಡೀರಿ. ಹೊಡೆದ್ರೆ ಚೀಟಿ ಓದೋಕೆ ಬರುತ್ತಾ?"

ಎದ್ದ ಕೈ ಹಾಗೇ ನಿಂತಿತು. ಬಾಗಿಲಲ್ಲಿ ಕುಳ್ಳಿ ನಿಂತಿದ್ದಳು. ಹಾಸಿಗೆಯಿಂದ ಎದ್ದು ಬಂದ ಹಾಗೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಒಳಗೆ ಬಂದು ಒಂದು ಚೀಟಿ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ಅಪ್ಪನ ಮುಖ ನೋಡಿದಳು.

"ಅಪ್ಪ, ನಿಂಗೂ ಅಕ್ಷರ ಕೈಗೆ ಸಿಗಲ್ವಾ?"

ಅವನು ಗೋಡೆಗೆ ಮುಖ ಮಾಡಿದ.

"ನಂಗೆ ಯಾರು ಕಲ್ಸಿದ್ರು? ಮೇಷ್ಟ್ರು ಹೊಡೆದ್ರು, ಅಪ್ಪ ಹೊಡೆದ. ನಾನೇನು ಸತ್ತು ಹೋದ್ನಾ?" ಎಂದ. ಮಗಳಿಗೆ ಹೇಳಿದನೋ ಹೆಂಡತಿಗೆ ಹೇಳಿದನೋ ತಿಳಿಯಲಿಲ್ಲ. ಕುಳ್ಳಿಯ ಕೈಯಿಂದ ಚೀಟಿ ಕಿತ್ತುಕೊಂಡು, ಉಳಿದವನ್ನು ಬಾಚಿ ಜೇಬಿಗೆ ತುರುಕಿಕೊಂಡು ಹೊರಟುಹೋದ. ಗಾಡಿ ಬಹಳ ಹೊತ್ತು ಸ್ಟಾರ್ಟ್ ಆಗಲಿಲ್ಲ. ಆಮೇಲೆ ಆಯಿತು. ಅವನು ಯಾರ ಕಾಲು ಹಿಡಿದು ಆ ವಿಳಾಸಗಳನ್ನು ಓದಿಸಿಕೊಂಡನೋ ರೋಲರಕ್ಕ ಮುಂದೆಂದೂ ಕೇಳಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಮೇಲೆ ಅವಳಿಗೆ ಕರುಣೆ ಬಂತು, ಅಷ್ಟೇ ಸಿಟ್ಟೂ ಬಂತು. ಸತ್ತಿರಲಿಲ್ಲ, ನಿಜ. ಆದರೆ ಹೀಗೆ ಬದುಕುವುದು ಮಗಳಿಗೂ ಸಾಕು ಎಂದು ಅವನು ಹೇಗೆ ಅಂದುಕೊಂಡ?

"ಬಾರೇ" ಎಂದಳು ಮಗಳಿಗೆ. "ನಾವೇ ಹೋಗೋಣ."

ಮೂವರೂ ಹೋದರು. ಪುಂಡ ಓಡಿಹೋಗಿ ತನ್ನ ಓದಿನ ಕ್ಲಾಸಿನಲ್ಲಿ ಕೂತ. ಹೆಡ್ ಮೇಡಂ ವರಾಂಡದಲ್ಲೇ ಸಿಕ್ಕರು. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಕ್ಲಾಸಿಗೆ ಹೋಗುತ್ತಿದ್ದರು.

"ಎಲ್ಲಿ ಇವಳಪ್ಪ?"

ರೋಲರಕ್ಕ ಏನು ಹೇಳುವುದೆಂದು ಹುಡುಕುತ್ತಿದ್ದಳು. ಕೆಲಸದ ಮೇಲೆ ಹೋಗಿದ್ದಾರೆ ಎನ್ನಬೇಕು, ಹುಷಾರಿಲ್ಲ ಎನ್ನಬೇಕು. ಅಷ್ಟರಲ್ಲಿ ಪಕ್ಕದಿಂದ ಕುಳ್ಳಿಯ ದನಿ ಬಂತು.

"ಅಪ್ಪ ಬರಲ್ಲ. ಅಪ್ಪನಿಗೂ ಓದೋಕೆ ಬರಲ್ಲ. ನಂಗೂ ಬರಲ್ಲ."

"ಶ್! ಮೆತ್ತಗೆ" ಎಂದರು ಹೆಡ್ ಮೇಡಂ. ಮಕ್ಕಳ ಸಾಲು ನಿಂತಿತ್ತು.

"ನೆನ್ನೆ ಓದಿದ್ದು ಓದಿದ್ದಲ್ಲ ಮೇಡಂ. ಅಮ್ಮ ಹೇಳಿದ್ದು ಅದು. ಬೋರ್ಡು ನಂಗೆ ಗೊತ್ತಾಗಲಿಲ್ಲ. ಯಾವ ಬೋರ್ಡೂ ಗೊತ್ತಾಗಲ್ಲ."

"ಎಲ್ಲರ ಮುಂದೆ ಹೀಗೆ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವೇನೇ? ಹೆಣ್ಮಗು ನೀನು!"

"ಆಗುತ್ತೆ" ಎಂದಳು ಕುಳ್ಳಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದಳು, "ನಂಗೆ ಓದೋಕೆ ಬರಲ್ಲ!"

ಕ್ಲಾಸುಗಳ ಬಾಗಿಲಿಗೆ ಟೀಚರುಗಳು ಬಂದರು. ಡಬ್ಬಿ ತೊಳೆಸಿಕೊಂಡಿದ್ದವರೆಲ್ಲ ಅಲ್ಲಿದ್ದರು. ಯಾರೋ ಒಬ್ಬ ಹುಡುಗ ನಕ್ಕ. ಕುಳ್ಳಿ ಅವನ ಕಡೆ ನೋಡಲೂ ಇಲ್ಲ. ಸೀದಾ ವರಾಂಡದ ಕೊನೆಗೆ ನಡೆದು ಹಿಂದಿನ ಕೋಣೆಗೆ ಹೊಕ್ಕಳು. ಆರು ಕುರ್ಚಿಯಲ್ಲೂ ಹುಡುಗರಿದ್ದರು. ಅವಳು ಅವರ ನಡುವೆ ನೆಲದ ಮೇಲೆ ಕಾಲು ಮಡಚಿ ಕೂತಳು.

ಓದಿನ ಟೀಚರು ರಟ್ಟಿನ ಅಕ್ಷರದ ಪೆಟ್ಟಿಗೆ ಹಿಡಿದು ಹಾಗೇ ನಿಂತರು. ಬಾಗಿಲಿಗೆ ಬಂದ ಹೆಡ್ ಮೇಡಂ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು. ಪೆಟ್ಟಿಗೆ ಕೆಳಗಿಡಲೂ ಇಲ್ಲ, ತೆರೆಯಲೂ ಇಲ್ಲ.

"ಏಳು" ಎಂದರು ಹೆಡ್ ಮೇಡಂ. "ಇದು ನಿನ್ ಕ್ಲಾಸಲ್ಲ."

"ಏಳಲ್ಲ."

"ಬಾಗಿಲ ಹತ್ರ ನಿಂತು ನೋಡ್ತಿದ್ದೀಯಲ್ಲಮ್ಮ. ಎಬ್ಬಿಸು ಅವಳನ್ನ!"

ರೋಲರಕ್ಕ ಒಳಗೆ ನೋಡಿದಳು. ಮಗಳ ಬೆನ್ನು ಕಾಣುತ್ತಿತ್ತು. ಸಣ್ಣ ಬೆನ್ನು. ನೆಟ್ಟಗಿತ್ತು.

"ಒಂಬತ್ತು ವರ್ಷದಿಂದ ಎಬ್ಬಿಸ್ತಾನೇ ಇದ್ದೀನಿ ಮೇಡಂ. ಏಳು, ನೀರು ತಾ. ಏಳು, ತಟ್ಟೆ ತೊಳಿ. ಏಳು, ತಮ್ಮನ್ನ ನೋಡ್ಕೋ. ನಾನು ಎಬ್ಬಿಸಿದ್ದು ಸಾಲ್ದು ಅಂತ ನೀವೂ ಎಬ್ಬಿಸಿದ್ರಿ. ಇವತ್ತು ಅವಳಾಗೇ ಬಂದು ಕೂತಿದ್ದಾಳೆ. ನಾನಂತೂ ಎಬ್ಬಿಸಲ್ಲ. ನಿಮ್ ಕೈಲಾದ್ರೆ ನೀವೇ ಎಬ್ಬಿಸಿ."

ಲಾಂಡ್ರಿಗೆ ಹೊತ್ತಾಗಿತ್ತು. ಆಸ್ಪತ್ರೆಯ ಗಾಡಿ ಅಷ್ಟರಲ್ಲಿ ಬಂದು ನಿಂತಿರುತ್ತದೆ. ರೋಲರಕ್ಕ ತಿರುಗಿ ನೋಡದೆ ನಡೆದಳು. ಏಳು, ಏಳು ಎಂದು ಹೆಡ್ ಮೇಡಂ ಕೂಗುವುದು ಅವಳಿಗೆ ಗೇಟು ದಾಟಿದ ಮೇಲೂ ಕೇಳಿಸುತ್ತಲೇ ಇತ್ತು.